ಎರಡು ಚಕ್ರಗಳ ಮೇಲೆ

ಮೂಡಲಲ್ಲಿ ಬೆಳಕು ಹರಿಯುವ ಮುನ್ನವೇ ಕೋಲಾರದ ಕಡೆಯ ಹಳ್ಳಿಗಳ ಹಾದಿಯಲ್ಲಿ ಮೋಟಾರ್ ಸೈಕಲ್ಲಿನ ಸದ್ದು ಕೇಳಿಬರುತ್ತದೆ. ಅದರ ಎರಡು ಪಕ್ಕಗಳಲ್ಲಿ ಹಾಲಿನ ಕ್ಯಾನುಗಳು ತೂಗುತ್ತಿರುತ್ತವೆ. ಡೇರಿಯ ವೇಳೆ ಮೀರುವುದರೊಳಗೆ ಅವು ಅಲ್ಲಿಗೆ ತಲುಪಬೇಕು. ಅದೇ ಹೊತ್ತಿಗೆ ಮಲೆನಾಡಿನ ಇಳಿಜಾರಿನಲ್ಲಿ ತೋಟದ ಕೆಲಸಗಾರನೊಬ್ಬ ಮಂಜಿನ ನಡುವೆ ದಾರಿ ಮಾಡಿಕೊಂಡು ಸಾಗುತ್ತಾನೆ. ಬಯಲುಸೀಮೆಯ ಪೇಟೆಯಲ್ಲಿ ಸೊಪ್ಪಿನ ಕಟ್ಟುಗಳನ್ನು ಹಿಂದೆ ಹೇರಿಕೊಂಡ ವ್ಯಾಪಾರಿ ಬೀದಿಬೀದಿ ಸುತ್ತುತ್ತಾನೆ. ಹೆರಿಗೆಯ ವೇಳೆಗೆ ಹೋಗಬೇಕಾದ ದಾದಿ, ಜಾನುವಾರಿಗೆ ಮದ್ದು ಕೊಡಬೇಕಾದ ಪಶುವೈದ್ಯ, ಪಾಠ ಹೇಳಬೇಕಾದ ಉಪಾಧ್ಯಾಯ, ಎಲ್ಲರಿಗೂ ಇಂದು ಈ ದ್ವಿಚಕ್ರ ವಾಹನವೇ ಆಧಾರ. ಒಂದು ಕಾಲದಲ್ಲಿ ಊರಿಗೊಂದು ಎಂಬಂತಿದ್ದ ಮೋಟಾರ್ ಸೈಕಲ್ಲನ್ನು ಉತ್ತರ ಕರ್ನಾಟಕದ ಜನ ಅದರ ಸದ್ದಿನಿಂದಲೇ ಗುರುತಿಸಿ ‘ಫಟಫಟಿ’ ಎಂದು ಕರೆದರು. ಈಗ ಆ ಸದ್ದು ಕೇಳದ ಓಣಿಯೇ ಇಲ್ಲ.

ಈ ವಾಹನದ ಚರಿತ್ರೆ ಬಹಳ ಹಳೆಯದೇನಲ್ಲ. 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಖ್ ಎಂಬ ಇಬ್ಬರು ಯಂತ್ರಶಿಲ್ಪಿಗಳು ಮರದ ಚೌಕಟ್ಟೊಂದಕ್ಕೆ ಪೆಟ್ರೋಲಿನಿಂದ ನಡೆಯುವ ಪುಟ್ಟ ಎಂಜಿನ್ನನ್ನು ಜೋಡಿಸಿದರು. ಅದು ಉರುಳದಿರಲೆಂದು ಅಕ್ಕಪಕ್ಕದಲ್ಲಿ ಎರಡು ಚಿಕ್ಕ ಆಸರೆ ಚಕ್ರಗಳನ್ನೂ ಇಟ್ಟಿದ್ದರು. 1894ರಿಂದ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೋಟಾರ್ ಸೈಕಲ್ಲುಗಳು ಮಾರಾಟಕ್ಕಾಗಿ ಹೆಚ್ಚಿನ ಸಂಖ್ಯೆಯಲ್ಲಿ ತಯಾರಾಗತೊಡಗಿದವು. ಸ್ವತಂತ್ರ ಭಾರತದಲ್ಲಿ 1955ರಲ್ಲಿ ಮದರಾಸಿನಲ್ಲಿ ಬುಲೆಟ್ ವಾಹನಗಳ ಜೋಡಣೆ ಆರಂಭವಾಯಿತು. 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಜಾವಾ ಮೋಟಾರ್ ಸೈಕಲ್ಲುಗಳು ಹೊರಬಂದವು. ಅವೇ ಮುಂದೆ ಯೆಜ್ಡಿ ಎಂಬ ಹೆಸರಿನಿಂದ ದೇಶದ ಉದ್ದಗಲಕ್ಕೂ ಓಡಾಡಿದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದರೂ ಮೈಸೂರಿನ ಬೀದಿಗಳಲ್ಲಿ ಅದರ ಹಳೆಯ ವಾಹನಗಳನ್ನು ಮಕ್ಕಳಂತೆ ಜೋಪಾನ ಮಾಡಿಕೊಂಡು ಬಂದವರಿದ್ದಾರೆ. 1980ರ ದಶಕದಲ್ಲಿ ಜಪಾನಿನ ಸಹಯೋಗದಿಂದ ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವ ಹಗುರವಾದ ವಾಹನಗಳು ಬಂದ ಮೇಲೆ, ಸಿರಿವಂತರ ಸೊತ್ತಾಗಿದ್ದ ಮೋಟಾರ್ ಸೈಕಲ್ಲು ಸಾಮಾನ್ಯರ ಸಂಗಾತಿಯಾಯಿತು.

ಆದರೆ ಈ ಸಂಗಾತಿ ಒಂದು ಬೆಲೆಯನ್ನೂ ಕೇಳುತ್ತದೆ. ಕೇಂದ್ರ ಸರ್ಕಾರ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರು 1,68,491 ಮಂದಿ. ಅವರಲ್ಲಿ 74,897 ಮಂದಿ, ಎಂದರೆ ನೂರಕ್ಕೆ ಸುಮಾರು ನಲವತ್ತನಾಲ್ಕು ಮಂದಿ, ದ್ವಿಚಕ್ರ ವಾಹನಗಳ ಮೇಲಿದ್ದವರು. ಈ ಸಂಖ್ಯೆಗಳ ಹಿಂದೆ ಒಂದೊಂದು ಮನೆಯೂ, ಆ ಮನೆಯಲ್ಲಿ ಬಾಗಿಲ ಕಡೆ ನೋಡುತ್ತ ಕುಳಿತವರೂ ಇದ್ದಾರೆ. ಅಪಘಾತವನ್ನು ವಿಧಿಯ ಆಟವೆಂದು ಹೇಳಿ ಸುಮ್ಮನಾಗುವ ವಾಡಿಕೆ ಜನರಲ್ಲಿ ಇನ್ನೂ ಉಂಟು. ಆದರೆ ಬಹುಪಾಲು ಅಪಘಾತಗಳಿಗೆ ಕಾರಣವಿರುತ್ತದೆ. ಕಾರಣವನ್ನು ಅರಿತರೆ ತಡೆಯುವ ದಾರಿಯೂ ತಿಳಿಯುತ್ತದೆ. ಆ ಕಾರಣಗಳಲ್ಲಿ ಹೆಚ್ಚಿನವು ಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲೇ ಇವೆ.

ಎರಡು ಚಕ್ರಗಳ ವಾಹನ ನಿಂತಾಗ ತಾನಾಗಿ ನಿಲ್ಲಲಾರದು; ಆಸರೆ ತೆಗೆದೊಡನೆ ಪಕ್ಕಕ್ಕೆ ವಾಲಿ ಬೀಳುತ್ತದೆ. ಓಡುವಾಗ ಅದು ಬೀಳದಿರುವುದು ಹೇಗೆ? ಅಂಗೈಯ ಮೇಲೆ ಕೋಲೊಂದನ್ನು ನೆಟ್ಟಗೆ ನಿಲ್ಲಿಸುವ ಬಾಲಕನನ್ನು ನೋಡಿದರೆ ಇದು ಅರ್ಥವಾಗುತ್ತದೆ. ಕೋಲು ಯಾವ ಕಡೆಗೆ ವಾಲುತ್ತದೆಯೋ ಆ ಕಡೆಗೆ ಆತ ಅಂಗೈಯನ್ನು ಸರಿಸುತ್ತಾನೆ. ಕೋಲಿನ ಬುಡ ಮತ್ತೆ ಅದರ ಭಾರದ ಕೆಳಗೆ ಬರುತ್ತದೆ. ಸವಾರನೂ ಹೀಗೆಯೇ ವಾಹನ ವಾಲಿದ ಕಡೆಗೆ ಮುಂದಿನ ಚಕ್ರವನ್ನು ಅರಿವಿಲ್ಲದೆಯೇ ಕಿಂಚಿತ್ತು ತಿರುಗಿಸುತ್ತಾನೆ. ಚಕ್ರಗಳು ಸರಿದು ಭಾರದ ಕೆಳಗೆ ಬರುತ್ತವೆ. ವೇಗ ಕಡಿಮೆಯಿದ್ದಾಗ ಈ ಕೆಲಸ ಕಷ್ಟ. ವೇಗ ಹೆಚ್ಚಿದಂತೆ ಸುಲಭ. ಹೊಸ ಸವಾರನಿಗೆ ಮೊದಲ ಮೋಸವಾಗುವುದು ಇಲ್ಲಿಯೇ. ನಿಧಾನವಾಗಿ ಹೋಗುವಾಗ ಓಲಾಡುತ್ತಿದ್ದ ವಾಹನ ವೇಗವಾಗಿ ಹೋಗುವಾಗ ಬಾಣದಂತೆ ನೆಟ್ಟಗೆ ಸಾಗುತ್ತದೆ. ವೇಗ ತಂದುಕೊಟ್ಟ ಈ ಸ್ಥಿರತೆಯನ್ನು ಆತ ತನ್ನ ಕೌಶಲವೆಂದು ಭ್ರಮಿಸುತ್ತಾನೆ. ಜನಜಂಗುಳಿಯ ನಡುವೆ, ನಡಿಗೆಯಷ್ಟು ವೇಗದಲ್ಲಿ, ಕಾಲು ನೆಲಕ್ಕೆ ಊರದೆ ವಾಹನವನ್ನು ನಡೆಸಬಲ್ಲವನೇ ನಿಜವಾಗಿ ಕಲಿತವನು.

ಇಷ್ಟು ದೊಡ್ಡ ವಾಹನವೂ ಅದರ ಮೇಲಿನ ಸವಾರನೂ ನೆಲವನ್ನು ಮುಟ್ಟಿಕೊಂಡಿರುವುದು ಎಷ್ಟು ಜಾಗದಲ್ಲಿ? ಎರಡು ಟೈರುಗಳಿಗೂ ಸೇರಿ ಸುಮಾರು ಎರಡು ಅಂಗೈಗಳಷ್ಟು ಜಾಗದಲ್ಲಿ ಮಾತ್ರ. ಮುಂದಕ್ಕೆ ನೂಕುವ ಬಲ, ತಡೆದು ನಿಲ್ಲಿಸುವ ಬಲ, ತಿರುವಿನಲ್ಲಿ ಹೊರಕ್ಕೆ ಜಾರದಂತೆ ಹಿಡಿಯುವ ಬಲ, ಇವೆಲ್ಲವೂ ಆ ಎರಡು ಅಂಗೈಗಳಷ್ಟು ರಬ್ಬರು ಮತ್ತು ರಸ್ತೆಯ ನಡುವಣ ಘರ್ಷಣೆಯಿಂದಲೇ ದೊರೆಯಬೇಕು. ಗೀರುಗಳು ಸವೆದು ನುಣುಪಾದ ಟೈರನ್ನು ಇನ್ನೊಂದು ತಿಂಗಳು ಬರಲೆಂದು ಉಳಿಸಿಕೊಳ್ಳುವವನು ಉಳಿಸುವುದು ಕೆಲವು ನೂರು ರೂಪಾಯಿ, ಪಣಕ್ಕಿಡುವುದು ಪ್ರಾಣ.

ವಾಹನವನ್ನು ನಿಲ್ಲಿಸಲು ಬೇಕಾಗುವ ದೂರದ ಲೆಕ್ಕವನ್ನು ಪ್ರತಿಯೊಬ್ಬ ಸವಾರನೂ ತಿಳಿದಿರಬೇಕು. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರ್. ರಸ್ತೆಗೆ ಅಡ್ಡವಾಗಿ ಕರುವೊಂದು ನುಗ್ಗಿತೆಂದು ಭಾವಿಸೋಣ. ಕಣ್ಣು ಅದನ್ನು ಕಂಡು, ಮೆದುಳು ಅಪಾಯವನ್ನು ಅರಿತು, ಕೈಕಾಲುಗಳು ಬ್ರೇಕನ್ನು ಒತ್ತುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆದಿರುತ್ತದೆ. ವಾಹನ 10 ಮೀಟರ್ ಮುಂದೆ ಹೋಗಿರುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಸಾಮಾನ್ಯ ಸವಾರನೊಬ್ಬ ಪ್ರತಿ ಸೆಕೆಂಡಿಗೆ ವೇಗವನ್ನು 5 ಮೀಟರಿನಷ್ಟು ತಗ್ಗಿಸಬಲ್ಲನೆಂದು ಇಟ್ಟುಕೊಂಡರೆ, ಅಲ್ಲಿಂದ ನಿಲ್ಲಲು ಇನ್ನೂ 10 ಮೀಟರ್ ಬೇಕು. ಒಟ್ಟು 20 ಮೀಟರ್. ಈಗ ವೇಗವನ್ನು ಎರಡರಷ್ಟು ಮಾಡಿದರೆ, ಎಂದರೆ ಗಂಟೆಗೆ 72 ಕಿಲೋಮೀಟರ್ ಆದರೆ, ಎಚ್ಚರಗೊಳ್ಳುವಷ್ಟರಲ್ಲೇ 20 ಮೀಟರ್ ಕಳೆಯುತ್ತದೆ. ಬ್ರೇಕು ಹಿಡಿದ ಮೇಲೆ ಕ್ರಮಿಸುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಅದು 20 ಅಲ್ಲ, 40 ಮೀಟರ್ ಆಗುತ್ತದೆ. ಒಟ್ಟು 60 ಮೀಟರ್. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಮೂರು ಪಟ್ಟಾಯಿತು. ಈ ಗಣಿತಕ್ಕೆ ಸವಾರನ ಧೈರ್ಯವಾಗಲಿ, ವಾಹನದ ಬೆಲೆಯಾಗಲಿ ಅಡ್ಡಿಬಾರದು.

ಇನ್ನೊಂದು ಲೆಕ್ಕವೂ ಉಂಟು. ಮೇಲಿನಿಂದ ಬಿದ್ದ ಕಲ್ಲು 5 ಮೀಟರ್ ಕೆಳಗೆ ಬರುವ ವೇಳೆಗೆ ಸೆಕೆಂಡಿಗೆ ಸುಮಾರು 10 ಮೀಟರ್ ವೇಗವನ್ನು ಪಡೆದಿರುತ್ತದೆ. ಆದ್ದರಿಂದ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದೂ ಮೊದಲನೆಯ ಮಹಡಿಯಿಂದ ನೆಲಕ್ಕೆ ಬೀಳುವುದೂ ಹೆಚ್ಚು ಕಡಿಮೆ ಒಂದೇ. ಗಂಟೆಗೆ 72 ಕಿಲೋಮೀಟರ್ ಆದರೆ ಬೀಳುವ ಎತ್ತರ 20 ಮೀಟರ್. ಎಂದರೆ ಸುಮಾರು ಆರು ಅಂತಸ್ತು. ಆರನೆಯ ಅಂತಸ್ತಿನ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಲ್ಲಲು ಒಪ್ಪದವನು ಅದೇ ಅಪಾಯವನ್ನು ರಸ್ತೆಯ ಮೇಲೆ ಅರಿಯದೆ ಒಪ್ಪಿಕೊಂಡಿರುತ್ತಾನೆ.

ಬ್ರೇಕು ಹಿಡಿಯುವುದು ಒಂದು ಕಲೆ. ಮುಂದಿನ ಬ್ರೇಕು ಹಿಡಿದರೆ ವಾಹನ ಮಗುಚುತ್ತದೆಂದು ಹೆದರಿ, ಹಿಂದಿನದನ್ನು ಮಾತ್ರ ತುಳಿಯುವವರು ಅನೇಕರು. ಆದರೆ ವೇಗ ತಗ್ಗುವಾಗ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುವಂತೆ ವಾಹನದ ಭಾರವೂ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಭಾರ ಹೆಚ್ಚಿದ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಗುರವಾದ ಹಿಂದಿನ ಚಕ್ರ ಬೇಗ ಜಾರುತ್ತದೆ. ಆದ್ದರಿಂದ ವಾಹನವನ್ನು ನಿಲ್ಲಿಸುವ ಬಲದ ಹೆಚ್ಚಿನ ಪಾಲು ಮುಂದಿನ ಬ್ರೇಕಿನಿಂದಲೇ ಬರಬೇಕು. ಎರಡನ್ನೂ ಒಟ್ಟಿಗೆ ಬಳಸಬೇಕು. ಮುಂದಿನದನ್ನು ಥಟ್ಟನೆ ಸೆಳೆಯದೆ, ಒದ್ದೆ ಬಟ್ಟೆಯನ್ನು ಹಿಂಡುವಂತೆ ಕ್ರಮವಾಗಿ ಬಿಗಿಗೊಳಿಸಬೇಕು. ಚಕ್ರ ಉರುಳುವುದನ್ನು ನಿಲ್ಲಿಸಿ ಜಾರತೊಡಗಿದರೆ ಘರ್ಷಣೆ ತಗ್ಗುತ್ತದೆ, ಹಿಡಿತ ತಪ್ಪುತ್ತದೆ. ಹೀಗೆ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ‘ಎ.ಬಿ.ಎಸ್.’ ಎಂಬ ಏರ್ಪಾಡು 2019ರ ಏಪ್ರಿಲ್‌ನಿಂದ ಭಾರತದಲ್ಲಿ 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ಕಡ್ಡಾಯವಾಯಿತು. ಅದು ಸವಾರನಿಗೆ ನೆರವಾಗಬಲ್ಲದು. ಆತನ ಬದಲಿಗೆ ಆಲೋಚಿಸಲಾರದು.

ತಿರುವಿನಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಟೈರಿನ ಹಿಡಿತವನ್ನು ಸಂತೆಗೆ ಹೋದವನ ಕೈಯಲ್ಲಿನ ಹಣಕ್ಕೆ ಹೋಲಿಸಬಹುದು. ಇರುವುದು ಇಷ್ಟೇ, ಒಂದಕ್ಕೆ ಕೊಟ್ಟುದು ಇನ್ನೊಂದಕ್ಕೆ ಉಳಿಯದು. ತಿರುವಿಗೆ ಪೂರ್ತಿ ಹಿಡಿತವನ್ನು ವ್ಯಯಮಾಡಿರುವಾಗ ಬ್ರೇಕನ್ನೂ ಒತ್ತಿದರೆ ಚಕ್ರ ಜಾರದೆ ಬೇರೆ ದಾರಿಯಿಲ್ಲ. ಆದುದರಿಂದ ಬಲ್ಲವರು ತಿರುವಿಗೆ ಮೊದಲೇ, ವಾಹನ ನೆಟ್ಟಗಿರುವಾಗಲೇ, ವೇಗವನ್ನು ತಗ್ಗಿಸುತ್ತಾರೆ. ದೃಷ್ಟಿ ಎಲ್ಲಿಗೋ ವಾಹನ ಅಲ್ಲಿಗೆ ಎಂಬುದು ಸವಾರರ ಅನುಭವ. ರಸ್ತೆಯ ಗುಂಡಿಯನ್ನೇ ದಿಟ್ಟಿಸಿದವನು ಗುಂಡಿಗೇ ಇಳಿಯುತ್ತಾನೆ. ಅದರ ಪಕ್ಕದ ಒಳ್ಳೆಯ ದಾರಿಯನ್ನು ನೋಡಿದವನು ಪಾರಾಗುತ್ತಾನೆ.

ರಸ್ತೆಯೂ ದಿನಕ್ಕೊಂದು ಬಗೆ. ಬೇಸಗೆಯ ಕೊನೆಗೆ ಬೀಳುವ ಮೊದಲ ಮಳೆ ಮನಸ್ಸಿಗೆ ಹಿತ, ಸವಾರನಿಗೆ ಅಹಿತ. ತಿಂಗಳುಗಟ್ಟಲೆ ಕುಳಿತ ಧೂಳೂ ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆಯೂ ಆ ನೀರಿನೊಡನೆ ಬೆರೆತು ರಸ್ತೆಯನ್ನು ಪಾಚಿಯಂತೆ ಜಾರುವಂತೆ ಮಾಡುತ್ತವೆ. ಸೇತುವೆಯ ಮೇಲಿನ ಕಬ್ಬಿಣದ ಪಟ್ಟಿಗಳೂ ರಸ್ತೆಗೆ ಬಳಿದ ಬಿಳಿಯ ಬಣ್ಣದ ಗೆರೆಗಳೂ ನೆನೆದಾಗ ಜಾರುತ್ತವೆ. ರೈಲುಹಳಿಯನ್ನು ಓರೆಯಾಗಿ ದಾಟಿದರೆ ಚಕ್ರ ಅದರ ಸಂದಿಗೆ ಸಿಕ್ಕಬಹುದು, ನೇರವಾಗಿ ದಾಟಬೇಕು. ಸುಗ್ಗಿಯ ಕಾಲದಲ್ಲಿ ಬಯಲುಸೀಮೆಯ ಅನೇಕ ರಸ್ತೆಗಳು ಕಣಗಳಾಗಿ ಮಾರ್ಪಡುತ್ತವೆ. ವಾಹನಗಳು ತುಳಿದು ಕಾಳು ಉದುರಲೆಂದು ರೈತರು ರಾಗಿಯ ತೆನೆಯನ್ನೂ ಹುರುಳಿಯ ಬಳ್ಳಿಯನ್ನೂ ರಸ್ತೆಯ ಮೇಲೆ ಹರಡುತ್ತಾರೆ. ಒಕ್ಕಣೆಯ ಕಣವಿಲ್ಲದ ರೈತನ ಕಷ್ಟ ಅರ್ಥವಾಗುವಂಥದೇ. ಆದರೆ ಉರುಟಾದ ಕಾಳಿನ ಮೇಲೆ ಉರುಳುವ ಚಕ್ರಕ್ಕೆ ನೆಲದ ಹಿಡಿತವೇ ಇರದು. ಒಣಹುಲ್ಲು ಬಿಸಿಯಾದ ಹೊಗೆಕೊಳವೆಗೆ ತಗುಲಿ ಬೆಂಕಿ ಹತ್ತುವ ಭಯವೂ ಇದೆ. ಅಂಥಲ್ಲಿ ವೇಗ ತಗ್ಗಿಸಿ, ಬ್ರೇಕನ್ನು ಮುಟ್ಟದೆ, ನೆಟ್ಟಗೆ ಸಾಗುವುದೇ ಉಚಿತ. ಇಳಿದು ತಳ್ಳಿಕೊಂಡು ಹೋದರೆ ಅವಮಾನವೇನೂ ಇಲ್ಲ. ಮಂಡ್ಯ, ಬೆಳಗಾವಿಗಳ ಕಡೆ ಕಬ್ಬು ಕಡಿಯುವ ಕಾಲದಲ್ಲಿ, ಹಿಂಬದಿಯಲ್ಲಿ ದೀಪವಿಲ್ಲದೆ ಕತ್ತಲಲ್ಲಿ ಸಾಗುವ ಟ್ರ್ಯಾಕ್ಟರುಗಳು ಎದುರಾಗುತ್ತವೆ. ರಾತ್ರಿಯಲ್ಲಿ ತನ್ನ ದೀಪದ ಬೆಳಕು ಬೀಳುವ ದೂರದೊಳಗೆ ನಿಲ್ಲಿಸಲಾಗುವಷ್ಟು ವೇಗವೇ ಸರಿಯಾದ ವೇಗ.

ರಸ್ತೆಯನ್ನು ನೋಡುವುದು ಅರ್ಧ ಕೆಲಸ. ಇತರರ ಕಣ್ಣಿಗೆ ಬೀಳುವುದು ಉಳಿದರ್ಧ. ಬಸ್ಸು ಲಾರಿಗಳ ಪಕ್ಕದಲ್ಲಿ ಕಿರಿದಾದ ದ್ವಿಚಕ್ರ ವಾಹನ ಸುಲಭವಾಗಿ ಮರೆಯಾಗುತ್ತದೆ. ಬಸ್ಸಿನ ಕನ್ನಡಿಯಲ್ಲಿ ಚಾಲಕನ ಮುಖ ಸವಾರನಿಗೆ ಕಾಣದಿದ್ದರೆ, ಸವಾರನೂ ಚಾಲಕನಿಗೆ ಕಾಣುತ್ತಿಲ್ಲವೆಂದೇ ತಿಳಿಯಬೇಕು. ಎಡಕ್ಕೆ ತಿರುಗಲಿರುವ ಬಸ್ಸಿನ ಎಡಪಕ್ಕದ ಸಂದಿಯಲ್ಲಿ ನುಸುಳುವುದು ಗಾಣದ ಬಾಯಿಗೆ ಕೈಕೊಟ್ಟಂತೆ. ದ್ವಿಚಕ್ರ ವಾಹನಗಳು ಎದ್ದು ಕಾಣಲೆಂದೇ 2017ರ ಏಪ್ರಿಲ್‌ನಿಂದ ಭಾರತದ ಹೊಸ ವಾಹನಗಳಲ್ಲಿ ಎಂಜಿನ್ ಓಡುವಾಗ ಮುಂದಿನ ದೀಪ ಹಗಲಿನಲ್ಲೂ ಉರಿಯುವ ವ್ಯವಸ್ಥೆ ಜಾರಿಗೆ ಬಂದಿತು. ತಿಳಿಬಣ್ಣದ ಅಂಗಿ, ತಿರುಗುವ ಮೊದಲೇ ಹಾಕಿದ ಇಂಡಿಕೇಟರ್, ಹಿಂದಿನವರನ್ನು ತೋರಿಸುವ ಎರಡು ಕನ್ನಡಿಗಳು, ಇವು ಅಲಂಕಾರಗಳಲ್ಲ, ರಸ್ತೆಯ ಭಾಷೆ. ಮುಂದಿನ ವಾಹನದಿಂದ ಎಷ್ಟು ದೂರವಿರಬೇಕೆಂಬುದಕ್ಕೂ ಸುಲಭವಾದ ಅಳತೆಯಿದೆ. ಮುಂದಿನ ವಾಹನ ಒಂದು ಮರವನ್ನೋ ಕಂಬವನ್ನೋ ದಾಟಿದ ಮೇಲೆ ತಾನು ಅದನ್ನು ತಲುಪಲು ಕಡೆಯ ಪಕ್ಷ ಎರಡು ಸೆಕೆಂಡು ಹಿಡಿಯಬೇಕು, ಮಳೆಯಲ್ಲಾದರೆ ನಾಲ್ಕು.

ಇಷ್ಟೆಲ್ಲ ಎಚ್ಚರ ವಹಿಸಿದರೂ ತನ್ನ ತಪ್ಪಿನಿಂದಲೋ ಪರರ ತಪ್ಪಿನಿಂದಲೋ ಸವಾರ ಬೀಳುವ ಗಳಿಗೆ ಬರಬಹುದು. ಆ ಗಳಿಗೆಯಲ್ಲಿ ಪ್ರಾಣವನ್ನು ಕಾಯುವುದು ಯಾವುದು? ಈ ಪ್ರಶ್ನೆಗೆ ಉತ್ತರ ದೊರೆತ ಬಗೆ ಸ್ಮರಣೀಯವಾಗಿದೆ.

ಮೊದಲನೆಯ ಮಹಾಯುದ್ಧದಲ್ಲಿ ಅರಬರ ಹೋರಾಟದಲ್ಲಿ ಪಾಲ್ಗೊಂಡು ‘ಅರೇಬಿಯದ ಲಾರೆನ್ಸ್’ ಎಂದು ಲೋಕಪ್ರಸಿದ್ಧನಾಗಿದ್ದ ಟಿ. ಇ. ಲಾರೆನ್ಸ್, ಸೇನೆಯ ಕೆಲಸದಿಂದ ನಿವೃತ್ತನಾಗಿ ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಚಿಕ್ಕ ಮನೆಯೊಂದರಲ್ಲಿ ನೆಲೆಸಿದ್ದ. ಮೋಟಾರ್ ಸೈಕಲ್ ಸವಾರಿಯೆಂದರೆ ಆತನಿಗೆ ಬಲು ಪ್ರೀತಿ; ಬ್ರಫ್ ಸುಪೀರಿಯರ್ ಎಂಬ ಬಲಶಾಲಿ ವಾಹನಗಳನ್ನು ಒಂದರ ಮೇಲೊಂದರಂತೆ ಕೊಂಡು ಓಡಿಸಿದ್ದ. 1935ರ ಮೇ 13ರಂದು ಸಮೀಪದ ಅಂಚೆಕಚೇರಿಗೆ ಹೋಗಿ ತಂತಿ ಕಳುಹಿಸಿ ಆತ ಮನೆಗೆ ಮರಳುತ್ತಿದ್ದ. ರಸ್ತೆಯ ಏರಿಳಿತದ ಮರೆಯಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಇಬ್ಬರು ಬಾಲಕರು ಫಕ್ಕನೆ ಎದುರಿಗೆ ಕಂಡರು. ಅವರನ್ನು ಉಳಿಸಲೆಂದು ವಾಹನವನ್ನು ಪಕ್ಕಕ್ಕೆ ತಿರುಗಿಸಿದ ಲಾರೆನ್ಸ್ ಹಿಡಿತ ತಪ್ಪಿ ನೆಲಕ್ಕೆ ಅಪ್ಪಳಿಸಿದ. ಆತನ ತಲೆಯ ಮೇಲೆ ಯಾವ ರಕ್ಷಣೆಯೂ ಇರಲಿಲ್ಲ. ಪ್ರಜ್ಞೆ ಮರಳಲೇ ಇಲ್ಲ. ಆರು ದಿನಗಳ ತರುವಾಯ, ಮೇ 19ರಂದು, ತನ್ನ ನಲವತ್ತಾರನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಮರುಭೂಮಿಯ ಯುದ್ಧದಲ್ಲಿ ಬದುಕಿ ಉಳಿದವನನ್ನು ಮನೆಯ ಹತ್ತಿರದ ರಸ್ತೆ ಬಲಿತೆಗೆದುಕೊಂಡಿತು.

ಲಾರೆನ್ಸನ ಚಿಕಿತ್ಸೆಗೆ ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯನೂ ಒಬ್ಬ. ಆತನನ್ನು ಉಳಿಸಿಕೊಳ್ಳಲಾಗದಿದ್ದುದು ಕೇರ್ನ್ಸನ ಮನಸ್ಸನ್ನು ಆಳವಾಗಿ ನಾಟಿತು. ದುಃಖಿಸಿ ಕುಳಿತುಕೊಳ್ಳದೆ ಆತ ಕಾರಣವನ್ನು ಅರಸಿ ಹೊರಟ. ಎರಡನೆಯ ಮಹಾಯುದ್ಧದಲ್ಲಿ ಸಂದೇಶ ಒಯ್ಯುವ ಸೈನಿಕರು ಮೋಟಾರ್ ಸೈಕಲ್ಲುಗಳ ಮೇಲೆ ಹಗಲಿರುಳು ಸಂಚರಿಸುತ್ತಿದ್ದರು. ಅನೇಕರು ಬಿದ್ದು ಸಾಯುತ್ತಿದ್ದರು. ಆ ಅಪಘಾತಗಳನ್ನು ಪರಿಶೀಲಿಸಿದ ಕೇರ್ನ್ಸ್, 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿ, ಶಿರಸ್ತ್ರಾಣ ಧರಿಸಿದವರ ತಲೆಗೆ ಆಗುವ ಪೆಟ್ಟು ಬಹಳ ಹಗುರವೆಂದು ತೋರಿಸಿದ. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿತು. ಬ್ರಿಟನ್ನಿನ ಸಾರ್ವಜನಿಕರಿಗೂ ಆ ನಿಯಮ ಅನ್ವಯವಾದುದು 1973ರಲ್ಲಿ. ಅದನ್ನು ಕಾಣಲು ಕೇರ್ನ್ಸ್ ಇರಲಿಲ್ಲ. 1952ರಲ್ಲೇ ಆತ ಕಾಲವಾಗಿದ್ದ. ಆದರೆ ಒಂದು ಸಾವಿನಿಂದ ಆತ ಕಲಿತ ಪಾಠ ಅಸಂಖ್ಯ ಜೀವಗಳನ್ನು ಉಳಿಸಿದೆ.

ಹೆಲ್ಮೆಟ್ಟು ಕೆಲಸಮಾಡುವ ಬಗೆ ಸರಳವಾದುದು. ವೇಗವಾಗಿ ಬರುವ ಚೆಂಡನ್ನು ಹಿಡಿಯುವ ಆಟಗಾರ ಕೈಗಳನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತಾನೆ. ಚೆಂಡು ನಿಲ್ಲಲು ಹೆಚ್ಚು ಹೊತ್ತು ದೊರೆತು ಪೆಟ್ಟು ಮೆದುವಾಗುತ್ತದೆ. ಹೆಲ್ಮೆಟ್ಟಿನ ಗಟ್ಟಿಯಾದ ಹೊರಕವಚ ಪೆಟ್ಟನ್ನು ಹರಡುತ್ತದೆ. ಒಳಗಿನ ಥರ್ಮೋಕೋಲಿನಂಥ ಪದರ ತಾನು ನುಜ್ಜುಗುಜ್ಜಾಗಿ ತಲೆಗೆ ನಿಲ್ಲಲು ಸೆಕೆಂಡಿನ ಸಹಸ್ರಾಂಶಗಳಷ್ಟು ಹೆಚ್ಚಿನ ಕಾಲವನ್ನು ಕೊಡುತ್ತದೆ. ಆ ಕ್ಷಣಾಂಶವೇ ಪ್ರಾಣವನ್ನು ಉಳಿಸುತ್ತದೆ. ಹೆಲ್ಮೆಟ್ಟು ಧರಿಸುವುದರಿಂದ ಸಾವಿನ ಸಂಭವ ನೂರಕ್ಕೆ ಸುಮಾರು 42ರಷ್ಟೂ ತಲೆಯ ಗಾಯದ ಸಂಭವ ನೂರಕ್ಕೆ ಸುಮಾರು 69ರಷ್ಟೂ ತಗ್ಗುತ್ತವೆಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ಹೀಗಿದ್ದೂ 2022ರಲ್ಲಿ ಭಾರತದಲ್ಲಿ ಹೆಲ್ಮೆಟ್ ಧರಿಸದೆ ಮಡಿದವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂಬದಿಯಲ್ಲಿ ಕುಳಿತವರು. ಪೊಲೀಸರ ಕಣ್ಣು ತಪ್ಪಿಸಲು ಕೊಂಡ ಟೊಪ್ಪಿಗೆಯಂಥ ಹೆಲ್ಮೆಟ್ಟು, ಪಟ್ಟಿ ಬಿಗಿಯದೆ ತಲೆಯ ಮೇಲಿಟ್ಟ ಹೆಲ್ಮೆಟ್ಟು, ತೋಳಿಗೆ ಸಿಕ್ಕಿಸಿಕೊಂಡ ಹೆಲ್ಮೆಟ್ಟು, ಇವು ಮೂರೂ ಒಂದೇ. ಐ.ಎಸ್.ಐ. ಗುರುತುಳ್ಳ, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ಟನ್ನು ಗದ್ದದ ಕೆಳಗೆ ಪಟ್ಟಿ ಬಿಗಿದು ಧರಿಸಬೇಕು. ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಪದರ ಮತ್ತೆ ಮೊದಲಿನಂತಾಗದು, ಅದನ್ನು ಬದಲಾಯಿಸಬೇಕು.

ಹಿಂಬದಿಯ ಸವಾರನಿಗೂ ಪ್ರಾಣ ಒಂದೇ. ಕರ್ನಾಟಕದಲ್ಲಿ 2016ರಿಂದ ಅವರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. ಸೀರೆಯ ಸೆರಗು, ದುಪಟ್ಟ, ಪಂಚೆಯ ಅಂಚು ಹಿಂದಿನ ಚಕ್ರಕ್ಕೆ ಸಿಕ್ಕಿ ದುರಂತಗಳಾಗಿವೆ. ಹೊರಡುವ ಮುನ್ನ ಅವನ್ನು ಒಳಕ್ಕೆ ಸೆಕ್ಕಿಕೊಳ್ಳಬೇಕು. ಚಕ್ರಕ್ಕೆ ಅಡ್ಡವಾಗಿರುವ ಜಾಲರಿಯನ್ನು ಕಳಚಿ ಹಾಕಬಾರದು. ಕಾನೂನು ಒಪ್ಪುವುದು ಸವಾರನ ಹಿಂದೆ ಒಬ್ಬರನ್ನು ಮಾತ್ರ. ಮೂರನೆಯವನು ಏರಿದರೆ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ನಿಯಮದ ಹಿಂದೆ ವಿಜ್ಞಾನವಿರುವುದಕ್ಕೆ ಇದು ಒಂದು ಉದಾಹರಣೆ.

ಹೊಸದಾಗಿ ಕಲಿಯುವವರಿಗೆ ಅನುಭವಿಗಳು ಹೇಳುವ ಮಾತುಗಳು ಕೆಲವೇ. ಕಲಿಕೆ ಬಯಲಿನಲ್ಲಿ ಆರಂಭವಾಗಲಿ, ಹೆದ್ದಾರಿಯಲ್ಲಲ್ಲ. ಓಡಿಸುವುದಕ್ಕೆ ಮೊದಲು ನಿಲ್ಲಿಸುವುದನ್ನು ಅಭ್ಯಾಸ ಮಾಡಬೇಕು. ಪ್ರತಿದಿನ ಹೊರಡುವ ಮುನ್ನ ಟೈರಿನ ಗಾಳಿ, ಬ್ರೇಕು, ದೀಪ, ಚೈನಿನ ಬಿಗಿ, ಇವುಗಳನ್ನು ನೋಡಬೇಕು. ಪಕ್ಕದ ಸ್ಟ್ಯಾಂಡನ್ನು ಮೇಲಕ್ಕೆತ್ತಲು ಮರೆಯಬಾರದು. ದೂರವಾಣಿ ಜೇಬಿನಲ್ಲೇ ಇರಲಿ; ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಅದರ ಕಡೆ ನೋಡಿದವನು 30 ಮೀಟರ್ ಕುರುಡನಾಗಿ ಸಾಗಿರುತ್ತಾನೆ. ಮದ್ಯ ಕುಡಿದವನ ಕೈಗೆ ಕೀಲಿಯನ್ನು ಕೊಡದಿರುವುದು ಸ್ನೇಹಿತನ ಕರ್ತವ್ಯ.

ಶಾಲೆಯ ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. 18 ವರ್ಷ ತುಂಬದವರು ಮೋಟಾರ್ ಸೈಕಲ್ ಓಡಿಸಬಾರದು. 16 ತುಂಬಿದವರಿಗೆ ಅನುಮತಿಯಿರುವುದು 50 ಸಿ.ಸಿ. ಮೀರದ ಎಂಜಿನ್ನಿನ ವಾಹನಕ್ಕೆ ಮಾತ್ರ, ಅದೂ ಪರವಾನಗಿ ಪಡೆದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ, ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧವೆಸಗಿದರೆ ಅವರ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ 25,000 ರೂಪಾಯಿ ದಂಡವನ್ನೂ ವಿಧಿಸಬಹುದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯದು. ತಂದೆಯ ವಾಹನವನ್ನು ಕದ್ದು ಒಂದು ಸುತ್ತು ಹೊಡೆಯುವ ಬಾಲಕ ತನ್ನ ಪ್ರಾಣವನ್ನಷ್ಟೇ ಅಲ್ಲ, ತಂದೆಯ ಮಾನವನ್ನೂ ಹಿಂಬದಿಯಲ್ಲಿ ಕೂರಿಸಿಕೊಂಡು ಹೋಗುತ್ತಾನೆ.

ವಾಹನವನ್ನು ಓಡಿಸುವ ವಯಸ್ಸು ಬಾರದವರೂ ರಸ್ತೆಯಲ್ಲಿ ಮಾಡಬಹುದಾದ ದೊಡ್ಡ ಕೆಲಸವೊಂದಿದೆ. ಅಪಘಾತವಾದಾಗ ಸುತ್ತ ನೆರೆದು ನೋಡುವವರು ಬಹಳ, ನೆರವಾಗುವವರು ವಿರಳ. ಪೊಲೀಸು, ಕೋರ್ಟು ಎಂಬ ಭಯವೇ ಇದಕ್ಕೆ ಮುಖ್ಯ ಕಾರಣವಾಗಿತ್ತು. ಗಾಯಾಳುಗಳಿಗೆ ನೆರವಾದವರನ್ನು ಪೀಡಿಸಕೂಡದೆಂಬ ಮಾರ್ಗಸೂಚಿಗಳನ್ನು ಸುಪ್ರೀಂ ಕೋರ್ಟು 2016ರಲ್ಲಿ ಎತ್ತಿಹಿಡಿಯಿತು. 2019ರ ತಿದ್ದುಪಡಿ ಅವರಿಗೆ ಕಾನೂನಿನ ರಕ್ಷಣೆಯನ್ನೇ ಕೊಟ್ಟಿತು. 108ಕ್ಕೆ ಕರೆಮಾಡಿ ಆಂಬುಲೆನ್ಸ್ ತರಿಸುವುದು, ರಕ್ತ ಸುರಿಯುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿಯುವುದು, ಬಿದ್ದವರ ಕುತ್ತಿಗೆಯನ್ನು ತಿರುಚದಂತೆ ನೋಡಿಕೊಳ್ಳುವುದು, ಬರುವ ವಾಹನಗಳಿಗೆ ಎಚ್ಚರಿಕೆ ನೀಡುವುದು, ಇಷ್ಟನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ. ಮೊದಲ ಒಂದು ಗಂಟೆಯೊಳಗೆ ದೊರೆತ ಚಿಕಿತ್ಸೆ ಎಷ್ಟೋ ಜೀವಗಳನ್ನು ಉಳಿಸುತ್ತದೆ.

ಡೈಮ್ಲರನ ಮೊದಲ ವಾಹನಕ್ಕೆ ಬೀಳದಂತೆ ತಡೆಯುವ ಎರಡು ಆಸರೆ ಚಕ್ರಗಳಿದ್ದವು. ಇಂದಿನ ವಾಹನಗಳಿಗೆ ಅವಿಲ್ಲ. ಆ ಎರಡು ಚಕ್ರಗಳ ಸ್ಥಾನದಲ್ಲಿ ಈಗ ಇರಬೇಕಾದವು ಸವಾರನ ಎಚ್ಚರ ಮತ್ತು ಸಂಯಮ. ಲಾರೆನ್ಸನ ಎದುರಿಗೆ ಬಂದ ಆ ಇಬ್ಬರು ಬಾಲಕರಂತೆ, ಪ್ರತಿಯೊಂದು ತಿರುವಿನ ಆಚೆಗೂ ಯಾರೋ ಇರಬಹುದು: ಶಾಲೆಗೆ ಹೊರಟ ಮಗು, ಹುಲ್ಲಿನ ಹೊರೆ ಹೊತ್ತ ಮುದುಕಿ, ದಾರಿ ತಪ್ಪಿದ ಕರು. ಅವರು ಕಾಣುವ ಮೊದಲೇ ಅವರಿಗಾಗಿ ವೇಗವನ್ನು ತಗ್ಗಿಸುವವನೇ ಒಳ್ಳೆಯ ಸವಾರ. ಎಷ್ಟು ಬೇಗ ತಲುಪಿದನೆಂದು ಮನೆಯವರು ಕೇಳುವುದಿಲ್ಲ. ಬಂದನೇ ಎಂದು ಮಾತ್ರ ಕೇಳುತ್ತಾರೆ.